ಸುಧಾರಿಸಿಕೊಂಡು ಬಾ

ಚಳಿಗಾಲ ಮುಗಿಯುತ್ತಾ ಬಂದಿತ್ತು. ಬೆಳಕು ಇನ್ನೂ ಹರಿದಿರಲಿಲ್ಲ. ಮಂಜಿನಲ್ಲಿ ಬೀದಿದೀಪಗಳು ಹಿಂಜಿದ ಹತ್ತಿಯ ಉಂಡೆಗಳ ಹಾಗೆ ತೇಲುತ್ತಿದ್ದವು. ಆ ಹೊತ್ತಿನಲ್ಲಿ ನನ್ನ ಮೊಮ್ಮಗಳು ಒದ್ದೆ ಹಾಸಿಗೆಯ ಸುರುಳಿಯೊಂದನ್ನು ಹೆಗಲಿಗೇರಿಸಿಕೊಂಡು ಹೊಸಿಲು ದಾಟಿದಳು. ಶುರುವಾದದ್ದು ಅಲ್ಲಿಂದ.

ಒದ್ದೆ ಹಾಸಿಗೆ ಯಾಕೆ ಅಂತ ಕೇಳುತ್ತೀರಿ. ಹೇಳುತ್ತೇನೆ.

ನಮ್ಮದು ಹಾಸಿಗೆ ಮಾಡುವ ಮನೆ. ಮುಂದಿನ ಕೋಣೆ ಅಂಗಡಿ, ಹಿಂದಿನದು ವಾಸಕ್ಕೆ. ಮಗ ಹತ್ತಿ ಹಿಂಜುತ್ತಾನೆ, ಸೊಸೆ ಗವಸು ಹೊಲಿಯುತ್ತಾಳೆ, ಅಂಚಿಗೆ ದಬ್ಬಳದ ಹೊಲಿಗೆ ಹಾಕುವುದು ನನ್ನ ಮತ್ತು ಮೊಮ್ಮಗಳ ಕೆಲಸ. ಕಿಟಕಿಯಿಂದ ಬಿಸಿಲು ಬಿದ್ದಾಗ ಹತ್ತಿಯ ಎಳೆಗಳು ಗಾಳಿಯಲ್ಲಿ ತೇಲುತ್ತವೆ. ಎಲ್ಲಿಗೂ ಹೋಗುವ ಅವಸರ ಅವಕ್ಕಿಲ್ಲ. ಅಂಗಡಿಗೆ ಬಂದವರು ಎಂಥ ಜೋರಿನವರೇ ಆಗಲಿ, ಒಂದು ಸಲ ಆಕಳಿಸದೆ ಹೋಗುವುದಿಲ್ಲ.

ಮೊಮ್ಮಗಳು ಚಿಕ್ಕಂದಿನಲ್ಲಿ ತೀರಾ ಸಣಕಲು. ಬೀದಿಯವರು ಕಡ್ಡಿ ಅಂತ ಕರೆದರು, ಅದೇ ಉಳಿಯಿತು. ಅವಳು ಹಲ್ಲು ಉದುರುವ ವಯಸ್ಸಿನಲ್ಲಿದ್ದಾಗ ಪಕ್ಕದ ಹತ್ತಿ ಗೋದಾಮಿಗೆ ಬೆಂಕಿ ಬಿತ್ತು. ಹತ್ತಿಯ ಬೆಂಕಿ ಗೊತ್ತಲ್ಲ, ಉರಿಗಿಂತ ಹೊಗೆಯೇ ಹೆಚ್ಚು. ನಾವೆಲ್ಲ ಬೀದಿಯ ಆ ಬದಿಗೆ ಹೋಗಿ ನಿಂತಿದ್ದೆವು. ಬೆಂಕಿ ಬಂಡಿಯ ಏಣಿಯಿಂದ ಒಬ್ಬ ಹೆಂಗಸು, ಕಾವಲುಗಾರನನ್ನು ಹೆಗಲ ಮೇಲೆ ಹೊತ್ತು, ಮಹಡಿಯಿಂದ ಒಣಗಿದ ಬಟ್ಟೆ ತರುವವಳಷ್ಟು ನಿಧಾನವಾಗಿ ಇಳಿದಳು. ಅವಳನ್ನು ಅವತ್ತಿನಿಂದ ಬೀದಿಯವರೆಲ್ಲ ಏಣಿ ಅಕ್ಕ ಅನ್ನುತ್ತಾರೆ. ಕಡ್ಡಿ ಆ ದಿನ ನನ್ನ ಸೆರಗು ಹಿಡಿದು, “ಅಜ್ಜಿ, ನಾನೂ ಅಲ್ಲಿಗೇ ಸೇರ್ತೀನಿ” ಅಂದಳು. ಆ ಮಾತನ್ನು ಬಿಡಲೇ ಇಲ್ಲ.

ಎದುರಿನ ಕ್ಷೌರದಂಗಡಿಯವನಿಗೆ ಇದೇ ಒಂದು ತಮಾಷೆ. ಕಡ್ಡಿ ಅವನನ್ನು ಮಾವ ಅಂತ ಕರೆಯುತ್ತಾಳೆ. “ಬೆಂಕಿ ಹಚ್ಚೋ ಕಡ್ಡಿ ಬೆಂಕಿ ಆರಿಸೋಕೆ ಹೊರಟಿದೆ ನೋಡ್ರಪ್ಪ” ಅಂತ ಗಿರಾಕಿಯ ಗಲ್ಲಕ್ಕೆ ಸೋಪು ಹಚ್ಚುತ್ತಾ ಹೇಳುತ್ತಿದ್ದ.

ಈಗ ಅವಳು ಬೆಳೆದ ಹೆಂಗಸು. ಅಗ್ನಿಶಾಮಕ ಠಾಣೆಗೆ ಅರ್ಜಿ ಹಾಕಿದಳು. ಅಲ್ಲಿ ಒಂದು ಪರೀಕ್ಷೆ ಇದೆ. ನೀರಿನ ಪೈಪಿನ ಸುರುಳಿ ಹೆಗಲ ಮೇಲೆ ಹೊತ್ತು ಎತ್ತರದ ಗೋಪುರದ ಮೆಟ್ಟಿಲು ಹತ್ತಿ, ಇಳಿದು, ಸೀಟಿ ಊದುವುದರೊಳಗೆ ನೆಲ ಮುಟ್ಟಬೇಕು. ಪರೀಕ್ಷೆ ಮಾಡಿಸುವವಳು ಏಣಿ ಅಕ್ಕನೇ. ಕಡ್ಡಿ ಅದಕ್ಕಾಗಿ ತಿಂಗಳುಗಟ್ಟಲೆ ಮೆಟ್ಟಿಲು ಹತ್ತಿದ್ದಳು, ಹಿಂದಿನ ದಿನದವರೆಗೂ. ಆದರೂ ಕೊನೆಯ ಕೆಲವು ಮೆಟ್ಟಿಲು ಬಾಕಿ ಇರುವಾಗಲೇ ಸೀಟಿ ಬಿತ್ತು. ಮಂಡಿಯ ಮೇಲೆ ಕೈಯೂರಿ ಏದುಸಿರು ಬಿಡುತ್ತಾ ನಿಂತಿದ್ದವಳ ಬೆನ್ನು ತಟ್ಟಿ ಏಣಿ ಅಕ್ಕ ಅಂದಳಂತೆ: “ಮಳೆಗೆ ಮುಂಚೆ ಇನ್ನೊಂದು ಸಲ ಪರೀಕ್ಷೆ ಇದೆ. ಸುಧಾರಿಸಿಕೊಂಡು ಬಾ.”

ಅದೇ ಕೊನೆಯ ಸಲ. ಅದು ತಪ್ಪಿದರೆ ವಯಸ್ಸು ದಾಟುತ್ತದೆ, ಮತ್ತೆ ಅರ್ಜಿ ಹಾಕುವ ಹಾಗಿಲ್ಲ.

ಆ ಸಂಜೆ ಊಟಕ್ಕೆ ಕೂತಾಗ ಮಗ ಕೇಳಿದ. “ಏನಂದ್ರು?”

“ಸುಧಾರಿಸಿಕೊಂಡು ಬಾ ಅಂದ್ರು ಅಪ್ಪ.”

“ಅಂದ್ರೆ ಇನ್ನೂ ಸುಧಾರಣೆ ಬೇಕು ಅಂತ. ಮಾಡಿದ್ದು ಸಾಲ್ದು ಅಂತ.”

“ಹೂಂ. ಸಾಲ್ದು.”

“ಹಾಗಾದ್ರೆ ಇನ್ನು ಮೇಲೆ ಬೆಳಿಗ್ಗೆನೂ ಹತ್ತು, ಸಂಜೆನೂ ಹತ್ತು. ಒಂದು ದಿನವೂ ತಪ್ಪಿಸ್ಬೇಡ. ಕೂತು ಉಣ್ಣೋರಿಗೆ ಕುಡಿಕೆ ಹೊನ್ನೂ ಸಾಲ್ದು.”

ಸೊಸೆ ತಟ್ಟೆಗೆ ಬಡಿಸುತ್ತಾ, “ಪಾಪ, ಮೊದಲು ಅವಳು ಉಣ್ಲಿ ಬಿಡ್ರೀ” ಅಂದಳು. ಕಡ್ಡಿ ಉಂಡದ್ದು ಸ್ವಲ್ಪವೇ. ಆಗಲೇ ಅವಳ ಕಣ್ಣು ಮೆಟ್ಟಿಲು ಹತ್ತುತ್ತಿತ್ತು.

ಹೊರೆ ಬೇಕಲ್ಲ. ಠಾಣೆಯ ಪೈಪು ಮನೆಗೆ ಕೊಡುವುದಿಲ್ಲ. ಮಗ ಒಂದು ಹಳೇ ಹಾಸಿಗೆಯನ್ನು ಬಿಗಿಯಾಗಿ ಸುತ್ತಿ, ಹಗ್ಗ ಬಿಗಿದು, ನೀರಲ್ಲಿ ನೆನೆಸಿದ. ಒಣ ಹತ್ತಿಗೆ ತೂಕವಿಲ್ಲ, ನೆನೆದ ಹತ್ತಿ ಮಾತ್ರ ಕಲ್ಲು. ಅದು ಒಣಗಿ ಹಗುರಾದ ಹಾಗೆಲ್ಲ ಅವನು ತಂಬಿಗೆಯಲ್ಲಿ ನೀರು ತಂದು ಗಿಡಕ್ಕೆ ಹಾಕಿದ ಹಾಗೆ ಹಾಕುತ್ತಿದ್ದ. ಬೀದಿಯ ಕೊನೆಗೆ ಪಾಳು ಬಿದ್ದ ಹಿಟ್ಟಿನ ಗಿರಣಿ ಇದೆ. ಅದರ ಹೊರಗೋಡೆಗೆ ಅಂಟಿದಂತೆ ಕಬ್ಬಿಣದ ಮೆಟ್ಟಿಲು ಮೇಲಕ್ಕೆ ಹೋಗುತ್ತದೆ. ಕಡ್ಡಿ ಅದನ್ನು ಬೆಳಿಗ್ಗೆ ಹತ್ತಿದಳು, ಸಂಜೆ ಹತ್ತಿದಳು. ಮಂಜಿನಲ್ಲಿ ಅವಳು ಮೊದಲನೇ ತಿರುವು ದಾಟಿದರೆ ಕಾಣುತ್ತಿರಲಿಲ್ಲ. ಕಬ್ಬಿಣದ ಮೇಲೆ ಹೆಜ್ಜೆಯ ಸದ್ದು ಮಾತ್ರ, ಮೇಲಿಂದ ಯಾರೋ ಗಂಟೆ ಬಾರಿಸಿದ ಹಾಗೆ, ನಿಂತು ನಿಂತು ಕೇಳಿಸುತ್ತಿತ್ತು.

ಮೊದಮೊದಲು ಚೆನ್ನಾಗಿಯೇ ನಡೆಯಿತು. ಆಮೇಲೆ ನಿಂತುಬಿಟ್ಟಿತು. ಮೂರನೇ ತಿರುವಿಗೆ ಬಂದರೆ ಕಾಲು ಒಲ್ಲೆ ಅನ್ನುತ್ತಿತ್ತು. ನಿನ್ನೆ ಅಲ್ಲೇ, ಇವತ್ತು ಅಲ್ಲೇ, ವಾರ ಕಳೆದರೂ ಅಲ್ಲೇ. ಅವಳು ಇನ್ನೂ ಬೇಗ ಎದ್ದಳು. ಮಗ ಇನ್ನೊಂದು ತಂಬಿಗೆ ನೀರು ಸುರಿದ. ಆಗ ಎರಡನೇ ತಿರುವಿನಲ್ಲೇ ನಿಲ್ಲತೊಡಗಿದಳು.

ಮನೆಯಲ್ಲಿ ಅವಳ ರೀತಿಯೇ ಬದಲಾಯಿತು. ಎಲ್ಲರನ್ನೂ ನಗಿಸುತ್ತಿದ್ದ ಹುಡುಗಿ ಮಾತಿಗೆ ಮುಂಚೆ ಸಿಡುಕಿದಳು. ತಟ್ಟೆಯ ಮುಂದೆ ಕೂತು ಕೈ ಆಡಿಸಿ ಏಳುತ್ತಿದ್ದಳು. ನೆಗಡಿ ಬಂದರೆ ಹೋಗಲೊಲ್ಲದು. ಇಷ್ಟು ದಣಿದವಳಿಗೆ ನಿದ್ದೆ ಬರಬೇಕಲ್ಲ, ಅದೂ ಇಲ್ಲ. ಹಾಸಿಗೆ ಮಾಡುವವರ ಮನೆಯಲ್ಲಿ ಮಲಗಲು ಬಾರದವಳು ಒಬ್ಬಳು ಆದಳು.

“ಅಜ್ಜಿ, ಕನಸಲ್ಲೂ ಮೆಟ್ಟಿಲೇ” ಅಂದಳು ಒಂದು ದಿನ. “ಹತ್ತಿಯ ಮೆಟ್ಟಿಲು. ಬೆಳ್ಳಗೆ, ಮೋಡದ ಹಾಗೆ. ಕಾಲಿಟ್ಟರೆ ಇಟ್ಟ ಕಾಲು ಒಳಗೆ ಹೋಗುತ್ತೆ. ಕಿತ್ತು ಮೇಲಿನ ಮೆಟ್ಟಿಲ ಮೇಲೆ ಇಡ್ತೀನಿ, ಅದೂ ಒಳಗೆ ಹೋಗುತ್ತೆ. ಏಣಿ ಅಕ್ಕ ಮೇಲೆ ನಿಂತು ಬಾ ಬಾ ಅಂತಾರೆ.”

“ನೀನು ಹೋಗ್ತೀಯಾ?”

“ಹೋಗ್ತಾನೇ ಇರ್ತೀನಿ. ಎದ್ದಾಗ ಮಲಗೋ ಮುಂಚಿಗಿಂತ ಸುಸ್ತು.”

ಆ ಮಧ್ಯಾಹ್ನ ದಬ್ಬಳ ಹಿಡಿದು ಹೊಲಿಯುತ್ತಾ ಕೂತವಳು ತೂಕಡಿಸಿದಳು. ಕೈ ಮಾತ್ರ ಹೊಲಿಯುತ್ತಲೇ ಇತ್ತು. ಗಿರಾಕಿ ಕರೆದಾಗ ದಡಬಡಿಸಿ ಎದ್ದರೆ ಹಾಸಿಗೆಯೂ ಅವಳ ಜೊತೆ ಎದ್ದು ಬಂತು. ಲಂಗದ ಅಂಚನ್ನು ಹಾಸಿಗೆಗೆ ಸೇರಿಸಿ ಹೊಲಿದುಬಿಟ್ಟಿದ್ದಳು. ಗಿರಾಕಿ ನಕ್ಕ, ನಾವೂ ನಕ್ಕೆವು. ಕಡ್ಡಿ ನಗಲಿಲ್ಲ. ಹೊಲಿಗೆ ಬಿಚ್ಚುತ್ತಾ ಬಿಚ್ಚುತ್ತಾ ಅತ್ತಳು.

ಸೊಸೆಗೆ ಅವತ್ತು ಹೆದರಿಕೆ ಹುಟ್ಟಿತು. “ಇದು ಸರಿ ಇಲ್ಲ ಕಣ್ರೀ. ಇವಳ ಮುಖ ನೋಡಿ. ಠಾಣೆಗೆ ಹೋಗಿ ಆ ಏಣಿ ಅಕ್ಕನನ್ನೇ ಒಂದು ಮಾತು ಕೇಳ್ಲಿ.”

“ಯಾವ ಮುಖ ಹೊತ್ತು ಹೋಗ್ಲಿ ಅಮ್ಮ?” ಕಡ್ಡಿ ಅಂದಳು. “ಸುಧಾರಿಸಿಕೊಂಡು ಬಾ ಅಂದಿದಾರೆ. ಸುಧಾರಿಸಿಲ್ಲ ಅಂತ ಹೇಳೋಕೆ ಹೋಗ್ಲಾ?”

ಕ್ಷೌರದವನು ಬಾಗಿಲಲ್ಲಿ ನಿಂತು ತನ್ನ ಪಾಲಿನದು ಸೇರಿಸಿದ. “ಉಳಿಪೆಟ್ಟು ಬೀಳದೆ ಕಲ್ಲು ಮೂರ್ತಿ ಆಗುತ್ತಾ?”

“ಕಲ್ಲಿಗೆ ಜೀವ ಇಲ್ಲ ಅಣ್ಣ” ಅಂದಳು ಸೊಸೆ. “ಅದು ರಾತ್ರಿ ಊಟನೂ ಕೇಳಲ್ಲ.”

“ಅದೂ ಸರಿ. ನಿಮ್ಮ ಮನೆಲಿ ಅಪ್ಪ ಹತ್ತಿ ಹಿಂಜ್ತಾನೆ, ಮಗಳು ಹತ್ತಿ ಹತ್ತಿ ತಾನೇ ಹಿಂಜಿಹೋಗ್ತಿದಾಳೆ.” ಹೇಳಿ ಅವನೇ ನಕ್ಕು ಹೋದ. ಮಗ ಮಾತ್ರ ತಲೆ ತಗ್ಗಿಸಿ ಹತ್ತಿ ಹಿಂಜುತ್ತಿದ್ದ. ಅವನಿಗೂ ಅಳುಕು ಇತ್ತು. ಆದರೆ ದುಡಿಮೆ ಕಡಿಮೆ ಮಾಡಿದರೆ ಗೆಲ್ಲಬಹುದು ಅನ್ನುವ ಮಾತು ಅವನ ತಲೆಗೆ ಹೊಗುವಂಥದ್ದಲ್ಲ. ರಜೆ ಅಂದರೆ ಅವನ ಪಾಲಿಗೆ ಜ್ವರ ಬಂದ ದಿನ.

ಬೇಸಿಗೆ ಬಲಿಯುತ್ತಿದ್ದ ಹೊತ್ತಿಗೆ ಠಾಣೆಯ ಬಂಡಿಯೊಂದು ನಮ್ಮ ಬಾಗಿಲಿಗೆ ಬಂದು ನಿಂತಿತು. ಠಾಣೆಯವರು ಪಾಳಿಯ ಮೇಲೆ ಅಲ್ಲೇ ಮಲಗುತ್ತಾರೆ. ಅವರ ಹಾಸಿಗೆಗಳು ಗಂಟುಗಟ್ಟಿ ಹಲಗೆಯಂತಾಗಿದ್ದವು. ಹತ್ತಿ ಹಿಂಜಿ ಮತ್ತೆ ತುಂಬಿಸಿಕೊಡಿ ಅಂತ ಹೇರಿಕೊಂಡು ಬಂದಿದ್ದಳು ಏಣಿ ಅಕ್ಕ. ತಲೆಗೂದಲು ನರೆತಿತ್ತು, ಹೆಗಲು ಹಾಗೇ ಇತ್ತು.

ಕಡ್ಡಿ ಹಾಸಿಗೆ ಇಳಿಸಿಕೊಳ್ಳಲು ಹೋದಳು. ಏಣಿ ಅಕ್ಕ ಹಾಸಿಗೆ ಬಿಡದೆ ಇವಳ ಮುಖವನ್ನೇ ನೋಡಿದಳು.

“ಯಾಕಮ್ಮ ಹೀಗಾಗಿದೀಯ? ಹುಷಾರಿಲ್ವಾ?”

“ಹುಷಾರಾಗಿದೀನಿ ಅಕ್ಕ.”

“ಸುಧಾರಿಸಿಕೋ ಅಂದಿದ್ದೆ ತಾನೆ ನಾನು?”

“ಸುಧಾರಿಸ್ತಾನೇ ಇದೀನಿ ಅಕ್ಕ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ. ಒಂದು ದಿನ ತಪ್ಪಿಸಿಲ್ಲ.”

“ಏನು ಬೆಳಿಗ್ಗೆ, ಸಂಜೆ?”

“ಮೆಟ್ಟಿಲು ಹತ್ತೋದು.”

ಏಣಿ ಅಕ್ಕ ಹಿಡಿದಿದ್ದ ಹಾಸಿಗೆಯನ್ನು ಕೆಳಗಿಟ್ಟಳು. ಹತ್ತಿಯ ಎಳೆಯೊಂದು ಬಂದು ಅವಳ ಭುಜದ ಮೇಲೆ ಕೂತಿತು. “ಅಯ್ಯೋ ಮಾರಾಯ್ತಿ” ಅಂದಳು ಕೊನೆಗೆ. “ನಾನು ಹೇಳಿದ್ದು ದಣಿವು ಸುಧಾರಿಸಿಕೋ ಅಂತ. ನಾಲ್ಕು ದಿನ ಕಾಲು ಚಾಚಿ ಮಲಗು, ಹೊಟ್ಟೆ ತುಂಬ ಉಣ್ಣು, ಆಮೇಲೆ ಬಾ ಅಂತ. ಅವತ್ತು ನಿನಗೆ ಬಲ ಕಡಿಮೆ ಇರಲಿಲ್ಲ. ಸವೆದು ಬಂದಿದ್ದೆ ನೀನು.”

ಕೋಣೆಯಲ್ಲಿ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದೆವು. ಒಂದೇ ಮಾತು. ಹೇಳಿದವಳು ಒಂದು ಮಗ್ಗುಲಿಂದ ಹೇಳಿದ್ದಳು, ನಾವು ಇನ್ನೊಂದು ಮಗ್ಗುಲಿಂದ ಕೇಳಿಸಿಕೊಂಡಿದ್ದೆವು. ನಡುವೆ ಈ ಹುಡುಗಿ ಅರೆಜೀವ ಆಗಿದ್ದಳು.

ಮಗ ಕೈಯಲ್ಲಿದ್ದ ಹಿಂಜುವ ಕೋಲು ಕೆಳಗಿಟ್ಟ. “ಅಲ್ಲ ತಾಯಿ, ಮಲಗಿದ್ರೆ ಬಲ ಬರುತ್ತಾ? ಹಾಗಾದ್ರೆ ಬೀದಿ ಸೋಮಾರಿಗಳೆಲ್ಲ ಪೈಲ್ವಾನರಾಗಿರ್ಬೇಕಿತ್ತು.”

“ಬರೀ ಮಲಗಿದ್ರೆ ಬರಲ್ಲ ಅಣ್ಣ. ಹತ್ತಬೇಕು, ಆಮೇಲೆ ಮಲಗಬೇಕು. ಹೊರೆ ಹೊತ್ತು ಹತ್ತಿದಾಗ ಮಾಂಸಖಂಡಕ್ಕೆ ಸಣ್ಣ ಸಣ್ಣ ಪೆಟ್ಟು ಬೀಳುತ್ತೆ, ಕಣ್ಣಿಗೆ ಕಾಣದಷ್ಟು. ಉಂಡು ಮಲಗಿದಾಗ ಮೈ ಅದನ್ನ ರಿಪೇರಿ ಮಾಡುತ್ತೆ. ಮಾಡ್ತಾ ಮುಂಚಿಗಿಂತ ಒಂದು ಎಳೆ ಗಟ್ಟಿ ಮಾಡುತ್ತೆ, ನಾಳೆ ಮತ್ತೆ ಈ ಹೊರೆ ಬಂದರೆ ಇರ್ಲಿ ಅಂತ. ಮೆಟ್ಟಿಲು ಬರೀ ಕೇಳುತ್ತೆ ಅಣ್ಣ, ಕೊಡೋದು ನಿದ್ದೆ. ರಿಪೇರಿ ಮುಗಿಯೋಕೆ ಬಿಡದೆ ಮತ್ತೆ ಹತ್ತಿಸಿದ್ರೆ ಪೆಟ್ಟಿನ ಮೇಲೆ ಪೆಟ್ಟು, ಅಷ್ಟೇ.”

“ನನಗೆ ಇದು ಸೋಮಾರಿಗಳ ಮಾತಿನ ಹಾಗೇ ಕೇಳ್ಸುತ್ತೆ.”

“ಸರಿ, ನಿಮ್ಮ ಕೆಲಸದ್ದೇ ಹೇಳಿ. ಹಿಂಜಿದ ಹತ್ತಿನ ಬಿಡದೆ ಮತ್ತೆ ಮತ್ತೆ ಹಿಂಜಿದ್ರೆ ಏನಾಗುತ್ತೆ?”

“ಎಳೆ ಕಡಿದು ಧೂಳಾಗುತ್ತೆ.”

“ಧೂಳಾಗ್ತಿದೆ ಅಂತ ಗೊತ್ತಾಗಿ, ಇನ್ನೂ ಜೋರಾಗಿ ಹಿಂಜೋನಿಗೆ ಏನಂತೀರಿ?”

ಮಗ ಕತ್ತೆತ್ತಿದ. ಮಗಳ ಕಡೆ ನೋಡಿದ. ಅವಳ ಕುತ್ತಿಗೆಯ ಮೂಳೆ ಎದ್ದು ಕಾಣುತ್ತಿದ್ದದ್ದು ಅವನ ಕಣ್ಣಿಗೆ ಅವತ್ತೇ ಬಿದ್ದದ್ದೇನೋ. “ಕೆಲಸ ಗೊತ್ತಿಲ್ಲದೋನು ಅಂತೀನಿ” ಅಂದ, ಮೆಲ್ಲಗೆ.

ಏಣಿ ಅಕ್ಕ ಆ ಮಾತನ್ನು ಬೆಳೆಸಲು ಹೋಗಲಿಲ್ಲ. ಕಡ್ಡಿಯ ಕಡೆ ತಿರುಗಿ ಒಂದೊಂದೇ ಕೇಳಿದಳು. ಬೆಳಿಗ್ಗೆ ಏಳುವಾಗಲೇ ಎದೆ ಬಡಿತ ಜೋರಿರುತ್ತಾ? ಹಸಿವೆ ಸತ್ತಿದೆಯಾ? ಸುಮ್ಮಸುಮ್ಮನೆ ಸಿಟ್ಟು, ಅಳು? ಎಲ್ಲದಕ್ಕೂ ಹೂಂ. ಸೊಸೆ ಹತ್ತಿರ ಬಂದು ತಗ್ಗಿದ ದನಿಯಲ್ಲಿ, “ಮುಟ್ಟೂ ತಪ್ಪಿದೆ, ಹೋದ ತಿಂಗಳಿಂದ” ಅಂದಳು.

“ಹಾಗಾದ್ರೆ ಇವತ್ತೇ ಆರೋಗ್ಯ ಕೇಂದ್ರಕ್ಕೆ ಹೋಗಿ. ಇದು ಬರೀ ದಣಿವು ಅಂತ ನಾನೂ ಹೇಳಬಾರದು, ನೀವೂ ಅಂದುಕೋಬಾರದು. ನೋಡೋರು ನೋಡಿ ಹೇಳ್ಲಿ.”

ಹೊರಡುವಾಗ ಬಂಡಿಯ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ಹೇಳಿದಳು: “ಎರಡಕ್ಕೂ ಒಂದೇ ಪದ ಇಟ್ಟಿದಾರಲ್ಲ ನಮ್ಮ ಹಿರಿಯರು, ಸುಮ್ಮನೆ ಇಟ್ಟಿಲ್ಲ ಅನ್ಸುತ್ತೆ ಕಡ್ಡಿ. ಸುಧಾರಿಸಿಕೊಂಡರೇನೇ ಸುಧಾರಿಸೋದು.”

“ಅಕ್ಕ, ಪರೀಕ್ಷೆಗೆ ಹೆಚ್ಚು ದಿನ ಇಲ್ಲ. ಮಲಗಿದ್ರೆ ಇರೋ ಬಲನೂ ಹೋಗಲ್ವಾ?”

“ನಾಲ್ಕು ದಿನಕ್ಕೆ ಎಲ್ಲಿಗೆ ಹೋಗುತ್ತೆ? ಹೀಗೇ ಹತ್ತಿದ್ರೆ ಮಾತ್ರ ಖಂಡಿತ ಹೋಗುತ್ತೆ. ಸರಿ, ಸುಮ್ಮನೆ ಇರೋಕೆ ಆಗಲ್ಲ ಅಂದ್ರೆ ಒಂದು ಕೆಲಸ ಕೊಡ್ತೀನಿ. ಠಾಣೆ ಹಾಸಿಗೆ ತುಂಬಿದ ಮೇಲೆ ಒಂದೊಂದರ ಮೇಲೂ ಮಲಗಿ ನೋಡು. ನಿದ್ದೆ ಬಂದ ಹಾಸಿಗೆ ಪಾಸು. ಬರದಿದ್ರೆ ವಾಪಸ್ ಹಿಂಜಿಸು.”

ಆರೋಗ್ಯ ಕೇಂದ್ರದ ಸಿಸ್ಟರ್ ರಕ್ತ ಪರೀಕ್ಷೆ ಮಾಡಿಸಿ, ವೈದ್ಯರಿಗೆ ತೋರಿಸಿದಳು. ರಕ್ತ ಕಡಿಮೆ ಇತ್ತು. ಅದಕ್ಕೆ ಮಾತ್ರೆ ಕೊಟ್ಟರು. ದುಡಿಯುವಷ್ಟಕ್ಕೆ ತಕ್ಕ ಊಟ ಹೊಟ್ಟೆಗೆ ಬೀಳುತ್ತಿಲ್ಲ, ಮುಟ್ಟು ನಿಂತದ್ದು ಅದರಿಂದಲೇ ಇರಬೇಕು, ಸರಿಹೋಗದಿದ್ದರೆ ಮತ್ತೆ ಬನ್ನಿ ಅಂದರು. ಸಿಸ್ಟರ್ ಸೊಸೆಗೆ ಹೇಳಿದಳು: “ಬೇಳೆ, ಮೊಟ್ಟೆ, ಹಾಲು, ಸೊಪ್ಪು, ಹಣ್ಣು, ಮನೇಲಿ ಏನಿದೆಯೋ ಅದೇ ಸಾಕಮ್ಮ. ಡಬ್ಬಿಯ ಪುಡಿ ಏನೂ ಬೇಡ. ಹೊತ್ತು ಹೊತ್ತಿಗೆ, ಹೊಟ್ಟೆ ತುಂಬ.” ಆಳಾಗಿ ದುಡಿ, ಅರಸಾಗಿ ಉಣ್ಣು ಅಂತ ಗಾದೆ ಇದೆಯಲ್ಲ. ನಮ್ಮ ಮನೆಯವರು ಮೊದಲನೇ ಅರ್ಧವನ್ನೇ ಹಿಡಿದುಕೊಂಡಿದ್ದರು.

ಆಮೇಲೆ ನಮ್ಮ ಮನೆಗೆ ಒಂದು ವಿಚಿತ್ರ ವಾರ ಬಂತು. ಠಾಣೆಯ ಹಾಸಿಗೆಗಳನ್ನು ಹೊಸದಾಗಿ ತುಂಬಿ ಹಿತ್ತಲ ಬಿಸಿಲಿಗೆ ಸಾಲಾಗಿ ಹಾಕಿದೆವು. ಬಿಸಿಲು ಕುಡಿದು ಅವು ಬನ್ನಿನಂತೆ ಉಬ್ಬಿದವು. ಬಿಸಿಲು ಇಳಿದ ಮೇಲೆ ಒಳಗೆ ತಂದು ಹಾಸಿದರೆ ಅವುಗಳಲ್ಲಿ ಹಗಲಿನ ಬಿಸಿ ಇನ್ನೂ ಇರುತ್ತಿತ್ತು. ಕಡ್ಡಿ ಒಂದರ ಮೇಲೆ ಒರಗಿದಳು. ಮೊದಲು ಕಣ್ಣು ಮುಚ್ಚಲೇ ಇಲ್ಲ. ಮಾಡು ನೋಡುತ್ತಾ, “ಈಗ ಬೇರೆ ಯಾರೋ ಹತ್ತುತ್ತಿರ್ತಾರೆ ಅಜ್ಜಿ” ಅಂದಳು. “ಹತ್ತಲಿ ಬಿಡು, ಇಳಿದೇ ಇಳೀತಾರೆ” ಅಂದೆ. ಹೊರಗೆ ಮಗ ಹತ್ತಿ ಹಿಂಜುವ ಸದ್ದು, ದೂರದಲ್ಲಿ ಯಾರೋ ದೋಣಿ ಹುಟ್ಟು ಹಾಕಿದ ಹಾಗೆ ಬರುತ್ತಿತ್ತು. ಎಳೆಗಳು ಗಾಳಿಯಲ್ಲಿ ಇಳಿಯುತ್ತಿದ್ದವು. ಯಾವಾಗಲೋ ಅವಳ ಬಾಯಿ ಸ್ವಲ್ಪ ತೆರೆಯಿತು.

ಆ ದಿನ ಮಲಗಿದವಳು ಮರುದಿನ ಹೊತ್ತು ಏರಿದ ಮೇಲೆ ಎದ್ದಳು. ಎದ್ದು, ಉಂಡು, ಮತ್ತೆ ಮಲಗಿದಳು. ಕೂದಲಲ್ಲಿ ಹತ್ತಿ, ರೆಪ್ಪೆಯಲ್ಲಿ ಹತ್ತಿ. ಮನೆಯವರೆಲ್ಲ ಕಾಲ್ಬೆರಳ ಮೇಲೆ ಓಡಾಡಿದೆವು. ಗಿರಾಕಿಗಳೂ ತಾವಾಗಿ ಪಿಸುಮಾತಿಗೆ ಇಳಿದರು. ವಾರ ಮುಗಿಯುವ ಹೊತ್ತಿಗೆ ಅವಳಿಗೆ ಮತ್ತೆ ಕನಸು ಬಿತ್ತಂತೆ. “ಈ ಸಲ ಮೆಟ್ಟಿಲು ಎಲ್ಲಿತ್ತು?” ಅಂತ ಕೇಳಿದೆ. “ಇರಲಿಲ್ಲ ಅಜ್ಜಿ. ಬರೀ ನೀರು. ನಾನು ತೇಲ್ತಾ ಇದ್ದೆ” ಅಂದಳು.

ಕ್ಷೌರದವನು ಬಿಡುತ್ತಾನಾ? “ಏನಮ್ಮ, ಕಡ್ಡಿ ನೆನೆದುಹೋಯ್ತಾ? ಗೀರಿದ್ರೂ ಹತ್ತಲ್ವಾ?”

“ಒಣಗೋಕೆ ಇಟ್ಟಿದೀವಿ ಅಣ್ಣ” ಅಂದಳು ಸೊಸೆ. “ಒದ್ದೆ ಕಡ್ಡಿ ಗೀರೋನು ಪೆಟ್ಟಿಗೆ ಹಾಳು ಮಾಡ್ತಾನೆ.”

ವಾರದ ಮೇಲೆ ಏಣಿ ಅಕ್ಕ ಹಾಸಿಗೆ ಒಯ್ಯಲು ಬಂದಳು. ಮುಂದೆ ಹೇಗೆ ಅಂತ ಹೇಳಿಕೊಟ್ಟಳು. ಒಂದು ದಿನ ಹೊರೆ ಹೊತ್ತು ಜೋರಾಗಿ ಹತ್ತುವುದು. ಮರುದಿನ ಹಗುರ ದಿನ, ಕಾಲುವೆ ದಂಡೆಯ ಮೇಲೆ ಮಾತಾಡುತ್ತಾ ನಡೆಯುವುದು, ಕೈಕಾಲು ಹಿತವಾಗಿ ಚಾಚುವುದು, ಅಷ್ಟೇ. ವಾರಕ್ಕೆ ಒಂದು ದಿನ ಪೂರ್ತಿ ಬಿಡುವು. ದಿನಾ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಮಲಗುವುದು. ಹೊರೆಯನ್ನು ಮೊದಲಿನಷ್ಟೇ ಶುರು ಮಾಡದೆ ಸ್ವಲ್ಪದಿಂದ ಶುರು ಮಾಡಿ ಮೆಲ್ಲಗೆ ಏರಿಸುವುದು. ಹತ್ತಿದ ಮರುದಿನ ಮೈ ಜಡವಾದರೆ ಹೆದರಬೇಡ. ಒಂದೇ ಜಾಗದಲ್ಲಿ ಚುಚ್ಚುವ ನೋವು ಬಂದರೆ, ಕೀಲು ಊದಿಕೊಂಡರೆ, ಮೂತ್ರ ಕಪ್ಪಾದರೆ, ತಲೆ ತಿರುಗಿ ಬಿದ್ದರೆ, ಎದೆ ನೋವು ಬಂದರೆ ತಕ್ಷಣ ನಿಲ್ಲಿಸಿ ವೈದ್ಯರ ಹತ್ತಿರ ಓಡು. ಗೋಡೆಗೆ ಒರಗಿ ಇದನ್ನೆಲ್ಲ ಕೇಳುತ್ತಿದ್ದವರಲ್ಲಿ ಎಲ್ಲರಿಗಿಂತ ಗಮನ ಕೊಟ್ಟವನು ಮಗ.

ಹೇಳಿದಷ್ಟು ಸುಲಭವಾಗಿರಲಿಲ್ಲ ನಡೆಸುವುದು. ಮೈಗೆ ಹುರುಪು ಬಂದಿತ್ತು, ಅದೇ ತೊಂದರೆ. ಬಿಡುವಿನ ದಿನ ಬೆಳಗಾಗುವ ಮುಂಚೆ ಕಡ್ಡಿ ಸದ್ದಿಲ್ಲದೆ ಎದ್ದು ಗಿರಣಿ ಕಡೆ ಹೋದಳು. ಅಲ್ಲಿ ಮೆಟ್ಟಿಲ ಬುಡದಲ್ಲಿ, ಕತ್ತಲೊಳಗೆ, ಹಾಸಿಗೆ ಸುರುಳಿಯ ಮೇಲೆ ಯಾರೋ ಕಂಬಳಿ ಹೊದ್ದು ಕೂತಿದ್ದರು.

“ಅಪ್ಪ, ಇಲ್ಲೇನು ಮಾಡ್ತಿದೀಯ?”

“ಕೂತಿದೀನಿ.”

“ಏಳು. ಒಂದೇ ಒಂದು ಸಲ ಹತ್ತಿ ಬರ್ತೀನಿ.”

“ಏಳಲ್ಲ.”

“ಕೂತು ಉಣ್ಣೋರಿಗೆ ಕುಡಿಕೆ ಹೊನ್ನು ಸಾಲ್ದು ಅಂತಿದ್ದೆ.”

“ನಾನು ಉಣ್ತಾ ಇಲ್ಲ, ಬರೀ ಕೂತಿದೀನಿ” ಅಂದ ಮಗ. “ಸುರುಳಿ ಒದ್ದೆ ಕಣೇ, ನನ್ನ ಪಂಚೆ ಎಲ್ಲ ನೆನೆದಿದೆ. ಬೇಗ ಮನೆಗೆ ನಡಿ, ನಾನೂ ಬರ್ತೀನಿ.”

ಅಪ್ಪ ಮಗಳು ನಗುತ್ತಾ ವಾಪಸ್ ಬಂದದ್ದನ್ನು ನಾನು ಕಿಟಕಿಯಿಂದ ನೋಡಿದೆ.

ಹೀಗೆ ಬೇಸಿಗೆ ಸರಿಯಿತು. ಒಂದು ಜೋರು ದಿನದ ಬೆಳಿಗ್ಗೆ ಅವಳು ಹತ್ತಿ ಇಳಿದು ಬಂದು, ನೀರು ಕುಡಿದು, ಸುಮ್ಮನೆ ಯೋಚಿಸುತ್ತಾ ಕೂತಳು. “ಏನೇ?” ಅಂದೆ. “ಮೂರನೇ ತಿರುವು ಯಾವಾಗ ಬಂತು ಅಂತಲೇ ಗೊತ್ತಾಗ್ಲಿಲ್ಲ ಅಜ್ಜಿ” ಅಂದಳು. ಆ ತಿಂಗಳು ಮುಟ್ಟೂ ಬಂತು. ಸೊಸೆ ಅದನ್ನು ನನ್ನ ಕಿವಿಯಲ್ಲಿ ಹೇಳುವಾಗ ಅವಳ ಮುಖ ನೋಡಬೇಕಿತ್ತು.

ಪರೀಕ್ಷೆಗೆ ಮುಂಚಿನ ದಿನಗಳಲ್ಲಿ ಅವಳು ಸುರುಳಿಯನ್ನು ಮುಟ್ಟಲೇ ಇಲ್ಲ. ಮಗ ಚಡಪಡಿಸಿದ, ಆದರೆ ಬಾಯಿ ಬಿಡಲಿಲ್ಲ. ಹತ್ತಿ ಹಿಂಜುವ ಕೈ ಆಗಾಗ ನಿಲ್ಲುತ್ತಿತ್ತು.

ಪರೀಕ್ಷೆಯ ದಿನ ಮೋಡ ಕವಿದು ಸೆಕೆ ಏರಿತ್ತು. ನಾವು ಠಾಣೆಯ ಅಂಗಳದ ಬೇಲಿಯ ಹೊರಗೆ ನಿಂತೆವು. ಕ್ಷೌರದವನೂ ಅಂಗಡಿ ಮುಚ್ಚಿ ಬಂದಿದ್ದ. ಏಣಿ ಅಕ್ಕ ಕಡ್ಡಿಯ ಗುರುತೇ ಇಲ್ಲದವಳ ಹಾಗೆ ನಿಂತು ಸೀಟಿ ಬಾಯಿಗಿಟ್ಟಳು. ಕೆಲಸದ ಹೊತ್ತಲ್ಲಿ ಅವಳು ಹಾಗೆಯೇ.

ಕಡ್ಡಿ ಪೈಪು ಹೊತ್ತು ಒಳಗೆ ಹೋದಳು. ಗೋಪುರದ ಕಿಟಕಿಗಳಲ್ಲಿ ಒಂದೊಂದಾಗಿ ಅವಳ ನೆರಳು ಕಾಣಿಸಿ ಮಾಯವಾಯಿತು. ಓಡುವವಳ ಹಾಗೆ ಕಾಣಲಿಲ್ಲ. ಹೆಜ್ಜೆ ಹಿಂದೆ ಹೆಜ್ಜೆ, ಒಂದೇ ಸಮ. ತುದಿಯಲ್ಲಿ ಬೂದು ಮೋಡದ ಎದುರು ಅವಳ ತಲೆ ಕಂಡಿತು. ಆಮೇಲೆ ಇಳಿಯುವ ಸದ್ದು. ನನ್ನ ಸೊಸೆ ಕಣ್ಣು ಮುಚ್ಚಿಕೊಂಡಿದ್ದಳು. ಮಗ ಬೇಲಿಯ ತಂತಿ ಹಿಡಿದಿದ್ದ. ಸದ್ದು ಹತ್ತಿರ ಬಂತು, ಬಾಗಿಲಲ್ಲಿ ಕಡ್ಡಿ ಕಂಡಳು, ಅವಳ ಎರಡೂ ಕಾಲು ಮಣ್ಣಿನ ಮೇಲೆ ಬಂದು ನಿಂತವು. ಸೀಟಿ ಇನ್ನೂ ಬಿದ್ದಿರಲಿಲ್ಲ. ಅವಳು ಪೈಪನ್ನು ಹೆಗಲಿಂದ ಇಳಿಸಿ ಕೆಳಗಿಟ್ಟಳು, ನೆಟ್ಟಗೆ ನಿಂತಳು. ಆಮೇಲೆ ಸೀಟಿ ಬಿತ್ತು.

“ಮುಂದಿನವರು ಬನ್ನಿ” ಅಂದಳು ಏಣಿ ಅಕ್ಕ. ಅಂದು, ಸೀಟಿಯನ್ನು ತೋಳಿಗೆ ಒರೆಸುವ ನೆವದಲ್ಲಿ ಮುಖ ಆಚೆ ತಿರುಗಿಸಿದಳು.

ಅಕ್ಕಂದಿರೇ, ಅಣ್ಣಂದಿರೇ, ಇದನ್ನು ಓದುತ್ತಿರುವ ಮಕ್ಕಳೇ. ಓಡುವವರು ಇರುತ್ತೀರಿ, ಭಾರ ಎತ್ತುವವರು ಇರುತ್ತೀರಿ, ಪೊಲೀಸು ಸೈನ್ಯ ಅಂತ ಪರೀಕ್ಷೆಗೆ ಸಿದ್ಧವಾಗುತ್ತಿರುವವರು ಇರುತ್ತೀರಿ. ಎಷ್ಟು ಮಾಡಿದರೂ ಮುಂದೆ ಹೋಗುತ್ತಿಲ್ಲ ಅನಿಸಿದಾಗ, ಇನ್ನೂ ಹೆಚ್ಚು ಮಾಡುವ ಮೊದಲು ಒಂದು ಗಳಿಗೆ ನಿಲ್ಲಿ. ನಿದ್ದೆ ಆಗಿದೆಯಾ? ಹೊಟ್ಟೆ ತುಂಬಿದೆಯಾ? ಜೋರು ದಿನದ ಬೆನ್ನಿಗೆ ಹಗುರ ದಿನ ಬಂದಿದೆಯಾ? ವಾರದಲ್ಲಿ ಒಂದು ದಿನ ಮೈಗೆ ಬಿಟ್ಟುಕೊಟ್ಟಿದ್ದೀರಾ? ಬಿಡುವು ಕದ್ದ ಹೊತ್ತಲ್ಲ, ಅದೂ ಅಭ್ಯಾಸದ ಒಂದು ಪಾಲು. ಮೈ ಸರಿಯಿಲ್ಲ ಅನಿಸಿದರೆ ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋಗಿ, ನಾಚಿಕೊಳ್ಳಬೇಡಿ. ತಂದೆತಾಯಿಗಳೇ, ಮಲಗಿದ ಮಕ್ಕಳನ್ನು ಸೋಮಾರಿ ಅಂತ ಎಬ್ಬಿಸುವ ಮುಂಚೆ, ಅವರು ನಿನ್ನೆ ಏನು ಹೊತ್ತಿದ್ದರು ಅಂತ ಕೇಳಿ. ಯಾರಾದರೂ ನಿಮಗೆ ಸುಧಾರಿಸಿಕೋ ಅಂದರೆ, ಯಾವ ಅರ್ಥದಲ್ಲಿ ಅಂತ ಅಲ್ಲೇ ಕೇಳಿಬಿಡಿ.

ಮಗ ಈಗ ವಾರಕ್ಕೊಂದು ದಿನ ಅಂಗಡಿ ಬಾಗಿಲು ತೆಗೆಯುವುದಿಲ್ಲ. ಮೊದಲ ಸಲ ಮುಚ್ಚಿದಾಗ ಏನು ಮಾಡಬೇಕೋ ತಿಳಿಯದೆ ಇಡೀ ದಿನ ಅಂಗಡಿಯ ಮುಂದೆಯೇ ಕೂತಿದ್ದ.

ಕಡ್ಡಿಗೆ ದೂರದ ಊರಲ್ಲಿ ತರಬೇತಿ. ಮೊದಲ ಮಳೆ ಬಂದು ನೆಲ ತಣ್ಣಗಾದ ಮೇಲೆ, ಒಂದು ಗುರುವಾರ ಬೆಳಿಗ್ಗೆ, ತಿಂಡಿ ತಿಂದು, ಎಲ್ಲರ ಹತ್ತಿರ ಹೇಳಿ, ನಿಧಾನವಾಗಿ ಹೋದಳು.